ಪಾಳಿ ಮುಗಿದಾಗ ಕವಿಯುವ ನೀಲಿ ಮಂಜು

ಮಾನ್ಯ ಸಂಪಾದಕರೇ,

ಎರಕದ ಕಾರ್ಖಾನೆಗಳ ಕೋರ್ ವಿಭಾಗದಲ್ಲಿ, ಅಂದರೆ ಎರಕದೊಳಗೆ ಟೊಳ್ಳು ಬರಲು ಅಚ್ಚಿನೊಳಗಿಡುವ ಮರಳಿನ ತಿರುಳುಗಳನ್ನು ಮಾಡುವಲ್ಲಿ, ದುಡಿಯುವವರು ಪಾಳಿ ಮುಗಿಯುವ ಹೊತ್ತಿಗೆ ‘ಕಣ್ಣು ಮಂಜಾಗಿದೆ, ದೀಪದ ಸುತ್ತ ಬಳೆ ಕಟ್ಟಿದಂತಿದೆ’ ಎನ್ನುವುದುಂಟು. ನಿದ್ದೆಗೆಟ್ಟದ್ದಕ್ಕೋ ಕುಲುಮೆಯ ಕಾವಿಗೋ ಹಾಗಾಗಿದೆ ಎಂದು ತಳ್ಳಿಹಾಕುವುದೇ ರೂಢಿ. ಅಂಥ ವಿಭಾಗದಲ್ಲಿ ಮೇಲ್ವಿಚಾರಕನಾಗಿದ್ದ ನಾನೂ ಮೊದಮೊದಲು ಹೀಗೆಯೇ ಹೇಳಿ ಹುಡುಗರನ್ನು ಮನೆಗೆ ಕಳುಹಿಸಿದ್ದೇನೆ. ಅದು ತಪ್ಪಾಗಿತ್ತು.

ಆ ಮಂಜಿಗೆ ಕಾರಣ ಟ್ರೈಈಥೈಲ್ ಅಮೈನ್ ಎಂಬ ರಾಸಾಯನಿಕ. 1960ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಕೋಲ್ಡ್ ಬಾಕ್ಸ್ ವಿಧಾನದಲ್ಲಿ, ರಾಳ ಬೆರೆಸಿದ ಮರಳನ್ನು ಅಚ್ಚುಪೆಟ್ಟಿಗೆಗೆ ತುಂಬಿ ಅದರೊಳಗೆ ಈ ಅಮೈನಿನ ಆವಿ ಹಾಯಿಸಿದರೆ, ಕಾಯಿಸುವ ಗೊಡವೆಯೇ ಇಲ್ಲದೆ ಕೆಲವೇ ಸೆಕೆಂಡುಗಳಲ್ಲಿ ಕೋರ್ ಗಟ್ಟಿಯಾಗುತ್ತದೆ. ಅಮೈನ್ ಇಲ್ಲಿ ಬರೀ ವೇಗವರ್ಧಕ. ಕೋರಿನೊಳಗೆ ಅದು ಖರ್ಚಾಗುವುದಿಲ್ಲವಾದ್ದರಿಂದ ಹೊರಗೆ ಬರಲೇಬೇಕು. ಪೆಟ್ಟಿಗೆಯ ಸೀಲು ಸವೆದಿದ್ದರೆ, ಆವಿಯನ್ನು ಹೀರಿ ತೊಳೆಯುವ ಆಮ್ಲದ ಸ್ಕ್ರಬರ್ ಸರಿಯಾಗಿ ಹೀರದಿದ್ದರೆ, ಮೀನಿನಂಥ ಆ ಕಮಟು ಆವಿ ಕೆಲಸಗಾರನ ಮುಖಕ್ಕೇ ಬಡಿಯುತ್ತದೆ. ಯಂತ್ರದ ಮೇಲೆ ಹೊಗೆಗೊಳವೆ ಹಾಕಿಸಿದ ಮಾಲೀಕರೂ ಹೊಸ ಕೋರುಗಳನ್ನು ಪೇರಿಸಿಡುವ ಗಾಡಿಯನ್ನು ಮರೆತುಬಿಡುತ್ತಾರೆ. ಆ ಕೋರುಗಳು ಬಹಳ ಹೊತ್ತು ಅಮೈನ್ ಬಿಡುತ್ತಲೇ ಇರುತ್ತವೆ. ಬಗ್ಗಿ ನಿಂತು ಅವುಗಳ ಅಂಚು ಉಜ್ಜುವವನ ಕಣ್ಣಿಗೂ ಕೋರಿಗೂ ನಡುವೆ ಒಂದು ಗೇಣು ಅಂತರವಿದ್ದರೆ ಹೆಚ್ಚು.

ಈ ಆವಿ ತಗುಲಿದ ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ನೀರು ತುಂಬಿಕೊಂಡು ಊದುತ್ತದೆ. ಆಗ ನೋಟಕ್ಕೆ ನೀಲಿಬೂದು ಮಸುಕು ಕವಿಯುತ್ತದೆ. ನೋವು ಅಷ್ಟಾಗಿ ಇರುವುದಿಲ್ಲ, ಶುದ್ಧ ಗಾಳಿಗೆ ಬಂದ ಕೆಲವು ಗಂಟೆಗಳಲ್ಲಿ ತಾನಾಗಿಯೇ ತಿಳಿಯಾಗುತ್ತದೆ. ಮರುದಿನ ವೈದ್ಯರ ಬಳಿ ಹೋದರೆ ಕಣ್ಣಿನಲ್ಲಿ ಏನೂ ಕಾಣಿಸದೆ ದೂರು ಅಲ್ಲಿಗೇ ಮುಗಿಯುತ್ತದೆ. ಆದರೆ ಅದೇ ಕೆಲವು ಗಂಟೆಗಳೊಳಗೆ ಅವನು ಕತ್ತಲಲ್ಲಿ, ಎದುರು ಬರುವ ಒಂದೊಂದು ಹೆಡ್‌ಲೈಟೂ ಬೆಳಕಿನ ಚಕ್ರವಾಗಿ ಹರಡಿ ಕಾಣುತ್ತಿರುವಾಗ, ಬೈಕ್ ಓಡಿಸಿಕೊಂಡು ಮನೆ ಸೇರಬೇಕಾಗಿರುತ್ತದೆ. ದ್ರವವೇ ಕಣ್ಣಿಗೆ ಸಿಡಿದರಂತೂ ಸುಟ್ಟ ಗಾಯವಾಗಿ ದೃಷ್ಟಿಗೆ ಶಾಶ್ವತ ಹಾನಿಯಾಗಬಹುದು.

ಗಾಳಿಯ ಪರೀಕ್ಷೆಯಲ್ಲಿ ‘ಮಿತಿಯೊಳಗಿದೆ’ ಎಂದು ಬಂದರೆ ಸಾಕೆಂದು ಯಾರೂ ನೆಮ್ಮದಿಯಿಂದ ಕೂರುವಂತಿಲ್ಲ. ಅಮೆರಿಕದ ಕಾನೂನು ಎಂಟು ಗಂಟೆಯ ಸರಾಸರಿಗೆ ಇಟ್ಟಿರುವ ಮಿತಿ ಹತ್ತು ಲಕ್ಷ ಭಾಗಕ್ಕೆ 25 ಭಾಗ. ಅದಕ್ಕಿಂತ ಎಷ್ಟೋ ಕಡಿಮೆ ಇದ್ದಾಗಲೇ ಮಂಜು ಕವಿಯುತ್ತದೆ. ಅದೇ ದೇಶದ ಔದ್ಯೋಗಿಕ ನೈರ್ಮಲ್ಯ ತಜ್ಞರ ಸಂಘಟನೆ ಸೂಚಿಸುವ ಮಿತಿ 0.5 ಭಾಗ ಮಾತ್ರ.

ಆದ್ದರಿಂದ ಪಾಳಿ ಬಿಡುವಾಗ ಪ್ರತಿಯೊಬ್ಬರನ್ನೂ ಒಂದು ದೀಪದ ಎದುರು ನಿಲ್ಲಿಸಿ ‘ಬಳೆ ಕಾಣುತ್ತಿದೆಯೇ?’ ಎಂದು ಕೇಳಿ, ಉತ್ತರವನ್ನು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಬರಬೇಕು. ಹೌದು ಎಂದವರನ್ನು ಸಂಬಳ ಕಡಿಯದೆ ನೋಟ ತಿಳಿಯಾಗುವವರೆಗೆ ಕೂರಿಸಿಕೊಳ್ಳಬೇಕು ಅಥವಾ ಬೇರೆ ವಾಹನದಲ್ಲಿ ಮನೆಗೆ ತಲುಪಿಸಬೇಕು. ಮುಂದಿನ ಪಾಳಿ ಶುರುವಾಗುವ ಮುನ್ನವೇ ಸೀಲು, ಸ್ಕ್ರಬರುಗಳನ್ನು ಪರೀಕ್ಷಿಸಬೇಕು. ತಪಾಸಣೆಗೆ ಬರುವ ಅಧಿಕಾರಿಗಳು ಮೊದಲು ಆ ಪುಸ್ತಕವನ್ನು ಕೇಳಿ ನೋಡಬೇಕೆಂದು ವಿನಂತಿಸುತ್ತೇನೆ.

— ನಿವೃತ್ತ ಫೌಂಡ್ರಿ ಮೇಲ್ವಿಚಾರಕ