ಫಿಜೆಟ್ ಆಟಿಕೆಯನ್ನು ಮಕ್ಕಳೇ ವಿನ್ಯಾಸಗೊಳಿಸಲಿ

ಮಾನ್ಯರೇ,

ಶಾಲಾ ಮಕ್ಕಳ ಕೈಯಲ್ಲಿ ಫಿಜೆಟ್ ಆಟಿಕೆ (ಚಡಪಡಿಸುವ ಬೆರಳುಗಳಿಗೆ ಕೆಲಸ ಕೊಡುವ ಪುಟ್ಟ ವಸ್ತು) ಕಂಡೊಡನೆ ಕಸಿದುಕೊಳ್ಳುವ ಬದಲು, ಅಂಥದ್ದೊಂದನ್ನು ಅವರಿಂದಲೇ ವಿನ್ಯಾಸ ಮಾಡಿಸುವುದು ಹೆಚ್ಚು ಉಪಯುಕ್ತ. 2017ರಲ್ಲಿ, ಬೆರಳುಗಳ ನಡುವೆ ಹಿಡಿದು ತಿರುಗಿಸುವ ಫಿಜೆಟ್ ಸ್ಪಿನ್ನರ್ ಎಂಬ ಆಟಿಕೆಯ ಹುಚ್ಚು ದೇಶದೇಶಗಳಿಗೆ ಹಬ್ಬಿದಾಗ ಅನೇಕ ಶಾಲೆಗಳು ಅದನ್ನು ನಿಷೇಧಿಸಿದವು. ಪಾಠದ ನಡುವೆ ಗಿರಗಿರನೆ ತಿರುಗುವ ವಸ್ತು ಪಕ್ಕದವರ ಕಣ್ಣನ್ನೂ ಸೆಳೆಯುವುದರಿಂದ ಶಿಕ್ಷಕರ ಬೇಸರ ಸಕಾರಣವೇ ಆಗಿತ್ತು. ಏಕಾಗ್ರತೆ ಹೆಚ್ಚುತ್ತದೆಂಬ ಮಾರಾಟಗಾರರ ಮಾತಿಗೂ ಗಟ್ಟಿ ಆಧಾರವಿರಲಿಲ್ಲ.

ಆದರೆ ಅದೇ ಆಟಿಕೆಯನ್ನು ಬಿಚ್ಚಿದರೆ ನಡುವೆ ಸ್ಕೇಟಿಂಗ್ ಚಕ್ರದಲ್ಲಿರುವಂತಹ, ಸಾಮಾನ್ಯವಾಗಿ 22 ಮಿಲಿಮೀಟರ್ ವ್ಯಾಸದ ಬಾಲ್ ಬೇರಿಂಗ್ (ಒಳಗಿನ ಪುಟ್ಟ ಗುಂಡುಗಳಿಂದ ಸಲೀಸಾಗಿ ತಿರುಗುವ ಉಂಗುರ), ಸುತ್ತ ಸಮತೂಕದ ಮೂರು ರೆಕ್ಕೆಗಳು ಕಾಣುತ್ತವೆ. ಒಂದೇ ರೆಕ್ಕೆಗೆ ಒಂದಿಷ್ಟು ಜೇಡಿಮಣ್ಣು ಮೆತ್ತಿ ತಿರುಗಿಸಿದರೆ ಬೆರಳಿನಲ್ಲೇ ನಡುಕ ತಿಳಿಯುತ್ತದೆ. ತೂಕದ ಹಂಚಿಕೆಯನ್ನು ಕಪ್ಪುಹಲಗೆಯ ಮೇಲೆ ಇಷ್ಟು ಬೇಗ ತಿಳಿಸುವುದು ಕಷ್ಟ. ಬಳಸುವವರ ಅಗತ್ಯ ಅರಿಯುವುದು, ಸಮಸ್ಯೆಯನ್ನು ಖಚಿತಪಡಿಸಿಕೊಳ್ಳುವುದು, ಉಪಾಯ ಹುಡುಕುವುದು, ಮಾದರಿ ಮಾಡುವುದು, ಪರೀಕ್ಷಿಸುವುದು ಎಂಬ ವಿನ್ಯಾಸ ಚಿಂತನೆಯ ಐದು ಹಂತಗಳೂ (ಹೆಸರಷ್ಟೇ ಭಾರ, ಕೆಲಸ ಸರಳ) ಇಷ್ಟು ಚಿಕ್ಕ ವಸ್ತುವಿನಲ್ಲಿ ಅಡಗುತ್ತವೆ.

ಆದ್ದರಿಂದ ವಿಜ್ಞಾನ ಅಥವಾ ಕರಕುಶಲ ತರಗತಿಯ ಕೆಲವು ಅವಧಿಗಳನ್ನು ಇದಕ್ಕೆ ಮೀಸಲಿಟ್ಟು, ರಟ್ಟು, ಗುಂಡಿ, ದಾರಗಳಿಂದ ಸದ್ದು ಮಾಡದ, ಮೇಜಿನ ಕೆಳಗೇ ಬಳಸಬಹುದಾದ ಆಟಿಕೆಯನ್ನು ತನಗಾಗಿ ಅಲ್ಲದೆ ಪಕ್ಕದ ಸಹಪಾಠಿಗಾಗಿ ಮಾಡುವಂತೆ ಪ್ರತಿ ಮಗುವಿಗೂ ಹೇಳಬಹುದು. ಅಂಕವನ್ನು ಆಟಿಕೆಯ ಅಂದಕ್ಕಲ್ಲ, ಸಹಪಾಠಿಯ ದೂರು ಕೇಳಿದ ಮೇಲೆ ಮೊದಲ ಮಾದರಿಯಲ್ಲಿ ಮಾಡಿಕೊಂಡ ಬದಲಾವಣೆಗೆ ನೀಡುವುದು ಸೂಕ್ತ.

– ಓದುಗ