ಫೈಲಿಗೆ ಬೇಕಾದ ಎರಡು ಪುಟ

ಚಿತ್ರದುರ್ಗ
ಭಾನುವಾರ

ಚಿ. ಮಂಜುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನಿನ್ನ ದನಿ ಕೇಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ನೀನು ಬರೆದ ಲೇಖನ ಸಂಶೋಧನಾ ಪತ್ರಿಕೆಯಿಂದ ಎರಡನೇ ಸಲವೂ ವಾಪಸ್ ಬಂತು ಅಂದೆ. ಇನ್ನೊಂದು ಕಡೆ ದುಡ್ಡು ಕಟ್ಟಿದರೆ ಒಂದೇ ವಾರದಲ್ಲಿ ಹಾಕುತ್ತಾರಂತೆ, ಕಟ್ಟಿಬಿಡಲಾ ಅಂತ ಕೇಳಿದೆ. ನಾನು ಬೇಡ ಅಂದು ಫೋನಿಟ್ಟೆ. ಯಾಕೆ ಬೇಡ ಅನ್ನುವುದನ್ನು ಬರೆದೇ ಹೇಳೋಣ ಅನ್ನಿಸಿತು.

ಒಂದು ವಾರದಲ್ಲಿ ಯಾರೂ ನಿನ್ನ ಕೆಲಸ ಓದಿ, ತಪ್ಪು ಹುಡುಕಿ, ಸರಿಯಿದೆ ಅಂತ ಹೇಳಲಾರರು. ಅಂದರೆ ಅಲ್ಲಿ ಯಾರೂ ಓದುವುದಿಲ್ಲ ಅಂತಲೇ ಅರ್ಥ. ಮೊದಲು ನಂಬಬಹುದಾದ ಪತ್ರಿಕೆಗಳದ್ದು ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗದ ಯುಜಿಸಿ ಕೇರ್ ಪಟ್ಟಿ ಒಂದಿತ್ತು. ಪತ್ರಿಕೆಯ ಹೆಸರು ಅದರಲ್ಲಿದ್ದರೆ ಸಾಕು ಅಂತ ಹುಡುಗರು ಧೈರ್ಯ ಮಾಡುತ್ತಿದ್ದರು. 2025ರ ಫೆಬ್ರುವರಿಯಲ್ಲಿ ಅದನ್ನೂ ಕೈಬಿಟ್ಟರು. ಈಗ ನೀನೇ ನೋಡಿ ಆರಿಸಬೇಕು. ದುಡ್ಡು ತಗೊಳ್ಳುವ ಪತ್ರಿಕೆಗಳೆಲ್ಲ ಮೋಸ ಅಂತ ನಾನು ಹೇಳುತ್ತಿಲ್ಲ. ಓದುಗರಿಗೆ ಪುಕ್ಕಟೆ ಓದಲು ಕೊಡುವ ಒಳ್ಳೆಯ ಪತ್ರಿಕೆಗಳೂ ಬರೆದವರಿಂದ ಶುಲ್ಕ ತಗೊಳ್ಳುತ್ತವೆ. ಆದರೆ ನಿನ್ನ ಪಿಎಚ್‌ಡಿಗೆ ನೀನು ಯಾವ ಲೇಖನಗಳನ್ನು ನಂಬಿಕೊಂಡೆಯೋ ಅವು ಎಲ್ಲಿ ಬಂದಿವೆ ನೋಡು. ಅಲ್ಲಿಗೆ ಕಳಿಸು. ಬೆಂಗಳೂರಿನಿಂದ ಬರುವ ಕರೆಂಟ್ ಸೈನ್ಸ್ ಪತ್ರಿಕೆ 1932ರಿಂದ ನಡೆಯುತ್ತಿದೆ. ಅಂಥದ್ದೊಂದು ಕಡೆ ಆರು ತಿಂಗಳು ಕಾದರೂ ನಷ್ಟವಿಲ್ಲ.

ಬೇಸಿಗೆಯ ನೀರನ್ನು ಮಾತ್ರ ಯಾಕೆ ಪರೀಕ್ಷೆ ಮಾಡಿದಿರಿ ಅಂತ ಪತ್ರಿಕೆಯ ಪರವಾಗಿ ಲೇಖನ ಓದಿದವರೊಬ್ಬರು ಕೇಳಿದ್ದಕ್ಕೆ ನಿನಗೆ ಸಿಟ್ಟು ಬಂದಿದೆ. ಮಂಜು, ಆ ಪ್ರಶ್ನೆಯನ್ನು ಚಳ್ಳಕೆರೆ ಕಡೆಯ ಯಾವ ನೀರಗಂಟಿಯೂ ಕೇಳುತ್ತಾನೆ. ಮಳೆ ಬಂದರೆ ಬೋರ್‌ವೆಲ್‌ ನೀರಿನ ರುಚಿಯೇ ಬದಲಾಗುತ್ತದೆ ಅಂತ ಅವನಿಗೆ ಗೊತ್ತು. ವಾಣಿ ವಿಲಾಸ ಸಾಗರ ಅಣೆಕಟ್ಟು 1933ರಲ್ಲಿ ತುಂಬಿ ಕೋಡಿ ಬಿದ್ದದ್ದು, ಆಮೇಲೆ ಬಿದ್ದದ್ದು 2022ರಲ್ಲೇ. ಅಷ್ಟು ನೀರು ನಿಂತ ಮೇಲೆ ಹಿರಿಯೂರು ಕಡೆಯ ಬೋರ್‌ವೆಲ್‌ಗಳ ಫ್ಲೋರೈಡ್ ಏನಾಯಿತು ಅಂತ ಯಾರಾದರೂ ಕೇಳದೆ ಬಿಡುತ್ತಾರಾ? ಮಳೆಗಾಲದ ಮಾದರಿ ತೆಗೆಯಲು ಆಗುತ್ತದೆ ಅನ್ನಿಸಿದರೆ ತೆಗೆ. ಆಗದಿದ್ದರೆ ತೆಗೆದಿಲ್ಲ ಅಂತ ಲೇಖನದಲ್ಲೇ ಒಪ್ಪಿಕೋ. ಸಿಟ್ಟು ಇಳಿಯಲು ಎರಡು ದಿನ ಸುಮ್ನೆ ಇರು. ಆಮೇಲೆ ಅವರ ಒಂದೊಂದು ಪ್ರಶ್ನೆಯ ಕೆಳಗೂ ಒಂದೊಂದು ಉತ್ತರ ಬರೆ.

ಈಗ ನನಗೆ ಚೆನ್ನಾಗಿ ಗೊತ್ತಿರುವ ವಿಷಯಕ್ಕೆ ಬರುತ್ತೇನೆ. ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯಲ್ಲಿ ಫೈಲು ನೋಡಿದವಳು ನಾನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗ ಲೆಕ್ಚರರ್ ದಪ್ಪದೊಂದು ವರದಿ ತಂದುಕೊಟ್ಟಿದ್ದರು. ಹಳ್ಳಿ ಹಳ್ಳಿ ತಿರುಗಿ ನೀರು ಪರೀಕ್ಷೆ ಮಾಡಿಸಿದ್ದರು. ಪೂರ್ತಿ ಇಂಗ್ಲಿಷಿನಲ್ಲಿತ್ತು. ಹಳ್ಳಿಗಳಿಗೆ ಹೆಸರಿರಲಿಲ್ಲ, ನಂಬರ್ ಇತ್ತು. ತಂದದ್ದು ಏಪ್ರಿಲ್‌ನಲ್ಲಿ. ಆ ವರ್ಷದ ದುಡ್ಡು ಆಗಲೇ ಹಂಚಿಕೆಯಾಗಿತ್ತು. ಸಾಹೇಬರು ‘ಕಡತದಲ್ಲಿಡಿ’ ಅಂತ ಷರಾ ಬರೆದರು, ನಾನು ಇಟ್ಟೆ. ಎಷ್ಟೋ ವರ್ಷದ ಮೇಲೆ ರೆಕಾರ್ಡ್ ರೂಮು ಚೊಕ್ಕ ಮಾಡುವಾಗ ಅದು ಕೆಂಪು ಬಟ್ಟೆಯ ಗಂಟಿನಲ್ಲಿ ಸಿಕ್ಕಿತು. ಆ ಹುಡುಗ ಎಷ್ಟು ಬಿಸಿಲಿನಲ್ಲಿ ತಿರುಗಿದ್ದರೋ ಅಂತ ನೆನೆದು ಹೊಟ್ಟೆ ಉರಿಯಿತು. ಇಟ್ಟವಳು ನಾನೇ ಅಲ್ವಾ.

ಡಾ. ನಂಜುಂಡಪ್ಪ ಸಮಿತಿಯ ವರದಿಗೆ ಹಾಗಾಗಲಿಲ್ಲ. ಅದು 2002ರಲ್ಲಿ ಬಂತು. 35 ಸೂಚಕ ಇಟ್ಟುಕೊಂಡು ಆಗ ರಾಜ್ಯದಲ್ಲಿದ್ದ 175 ತಾಲ್ಲೂಕುಗಳನ್ನೂ ಅಳೆದು, 114 ಹಿಂದುಳಿದಿವೆ ಅಂತ ಹೇಳಿತು. ಅದು ಸರ್ಕಾರವೇ ನೇಮಿಸಿದ ಸಮಿತಿ, ಅದರ ತೂಕವೇ ಬೇರೆ, ನಿಜ. ಆದರೂ ನಮ್ಮಂಥವರು ಅದನ್ನು ಮತ್ತೆ ಮತ್ತೆ ತೆರೆದದ್ದು ಅದರೊಳಗಿನ ಪಟ್ಟಿಗಾಗಿ. ತಾಲ್ಲೂಕಿನ ಹೆಸರು, ಅದರ ಮುಂದೆ ಒಂದು ಅಂಕಿ. ಟಿಪ್ಪಣಿ ಬರೆಯುವ ಗುಮಾಸ್ತ ನೇರವಾಗಿ ಎತ್ತಿ ಬರೆದುಕೊಳ್ಳಬಹುದಿತ್ತು.

ನೀನೂ ಅದನ್ನೇ ಮಾಡು. ಲೇಖನ ಒಪ್ಪಿಗೆಯಾದ ದಿನವೇ ಕನ್ನಡದಲ್ಲಿ ಎರಡು ಪುಟ ಬರೆ. ಮೊದಲ ಪುಟದಲ್ಲಿ ಪಂಚಾಯಿತಿ, ಹಳ್ಳಿ, ಬೋರ್‌ವೆಲ್ ಇರುವ ಜಾಗ, ಫ್ಲೋರೈಡ್ ಎಷ್ಟು. ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ಭಾರತೀಯ ಮಾನಕ ಹೇಳುತ್ತದೆ. ಅದನ್ನು ಅಲ್ಲೇ ಬರೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಅನ್ನುವುದನ್ನೂ ಬರೆ, ಕಚೇರಿಯಲ್ಲೇ ಎಷ್ಟೋ ಜನ ಕುದಿಸಿದರೆ ಸಾಕು ಅಂದುಕೊಂಡಿರುತ್ತಾರೆ. ಎರಡನೇ ಪುಟದಲ್ಲಿ ಏನು ಮಾಡಬೇಕು, ಯಾರು ಮಾಡಬೇಕು, ಎಷ್ಟು ಖರ್ಚು. ಹೊಸ ಶುದ್ಧ ನೀರಿನ ಘಟಕ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಇರುವ ಘಟಕ ಕೆಟ್ಟರೆ ರಿಪೇರಿ ಯಾರದು, ಅದರಿಂದ ಹೊರಬರುವ ಉಳಿಕೆ ನೀರು ಎಲ್ಲಿಗೆ ಹೋಗುತ್ತದೆ ಅಂತ ಕೇಳುವವರು ಕಡಿಮೆ. ನೀನು ಕೇಳು. ಎಲ್ಲಿ ಪ್ರಕಟವಾಗಿದೆ ಅನ್ನುವುದು ಕೊನೆಯ ಸಾಲು. ಯಾರಾದರೂ ತಕರಾರು ತೆಗೆದರೆ ನಿನ್ನನ್ನು ಉಳಿಸುವುದು ಆ ಸಾಲೇ. ಅದಕ್ಕೇ ದುಡ್ಡು ಕೊಟ್ಟು ಹಾಕಿಸಬೇಡ ಅಂದದ್ದು.

ಏಪ್ರಿಲ್‌ನಲ್ಲಿ ಒಯ್ಯಬೇಡ. ಬಜೆಟ್ ಫೆಬ್ರುವರಿ, ಮಾರ್ಚ್‌ನಲ್ಲಿ ಬಂದರೂ ಇಲಾಖೆಗಳ ಲೆಕ್ಕಾಚಾರ ನವೆಂಬರ್, ಡಿಸೆಂಬರ್‌ನಲ್ಲೇ ಶುರುವಾಗುತ್ತದೆ. ಮೂರು ತಿಂಗಳಿಗೊಮ್ಮೆ ಜಿಲ್ಲೆಯ ಇಲಾಖೆಗಳ ಕೆಲಸದ ಪ್ರಗತಿ ನೋಡುವ ಕೆಡಿಪಿ ಸಭೆ ಇರುತ್ತದೆ. ಅದಕ್ಕೆ ಹದಿನೈದು ದಿನ ಮೊದಲು ಕೊಡು. ದೊಡ್ಡ ಸಾಹೇಬರಿಗೆ ಕೊಟ್ಟು ಬಂದುಬಿಡಬೇಡ. ವಿಷಯ ನೋಡುವ ಗುಮಾಸ್ತರು ಯಾರು ಅಂತ ಕೇಳಿ, ಅವರ ಪಕ್ಕ ಕೂತು ವಿವರಿಸು. ಸ್ವೀಕೃತಿ ಸೀಲು ಹಾಕಿಸಿಕೋ. ಒಂದು ತಿಂಗಳಾದ ಮೇಲೆ ಮತ್ತೆ ಹೋಗು. ಸಾಹೇಬರಿಗೆ ವರ್ಗವಾಗಿದ್ದರೆ ಹೊಸಬರಿಗೆ ಮೊದಲಿನಿಂದ ಹೇಳು. ಇದು ನಿನ್ನ ಕೆಲಸ ಅಲ್ಲ ಅಂತ ನಿನ್ನ ಗೈಡ್ ಅನ್ನಬಹುದು. ಅವರ ಮೇಲೆ ನನಗೆ ಗೌರವವಿದೆ, ಆದರೆ ಈ ಮಾತು ನಾನು ಒಪ್ಪುವುದಿಲ್ಲ.

ಇನ್ನೊಂದು. ಯಾವ ಮನೆಗಳ ಮುಂದೆ ನಿಂತು ಬಾಟಲಿ ತುಂಬಿಸಿಕೊಂಡೆಯೋ ಆ ಹಳ್ಳಿಗಳಿಗೆ ಮೊದಲು ಹೋಗು. ಗ್ರಾಮಸಭೆಯಲ್ಲಿ ಓದಿ ಹೇಳು. ಅವರ ಮಕ್ಕಳ ಹಲ್ಲು ಕಂದಾಗಿರುವುದು ಯಾಕೆ ಅಂತ ಪೇಪರಿನಿಂದ ತಿಳಿಯುವ ಹಾಗೆ ಆಗಬಾರದು.

ದೀಪಾವಳಿಗೆ ಬರುವಾಗ ಆ ಎರಡು ಪುಟ ತಗೊಂಡು ಬಾ. ಕನ್ನಡಕ ಹಾಕಿಕೊಂಡು, ನಾನೇ ಆ ಗುಮಾಸ್ತೆ ಅಂದುಕೊಂಡು ಓದುತ್ತೇನೆ. ಅರ್ಥವಾಗದ ಕಡೆ ಪೆನ್ಸಿಲಿನಲ್ಲಿ ಗೆರೆ ಹಾಕಿ ಕೊಡುತ್ತೇನೆ.

ನಿನ್ನ ದೊಡ್ಡಮ್ಮ