ಬಾಣಂತಿಯ ತಟ್ಟೆ ನೋಡು ಮಾರಾಯ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಸೀಮಂತದ ಫೋಟೊ ನೋಡಿದೆ. ಅತ್ತಿಗೆ ಹಸಿರು ಸೀರೆಯಲ್ಲಿ ಲಕ್ಷಣವಾಗಿ ಕೂತಿದ್ದಾರೆ, ಪಕ್ಕದಲ್ಲಿ ನೀನು ಪಂಚೆ ಜಾರದ ಹಾಗೆ ಹಿಡಿದುಕೊಂಡು ನಿಂತಿದ್ದೀಯ. ಬರಲಾಗಲಿಲ್ಲ, ಬೈಯಬೇಡ.

ನಿನ್ನ ಉದ್ದನೆ ಮೆಸೇಜ್ ಕೂಡ ಓದಿದೆ. ಯಾವ ಆಸ್ಪತ್ರೆ, ನಾರ್ಮಲ್ಲೋ ಸಿಸೇರಿಯನ್ನೋ, ಹೊಕ್ಕುಳಬಳ್ಳಿಯ ರಕ್ತವನ್ನು ಬ್ಯಾಂಕಿನಲ್ಲಿ ಇಡಬೇಕೋ ಬೇಡವೋ ಅಂತೆಲ್ಲ ಕೇಳಿದ್ದೀಯ. ಎಲ್ಲವೂ ಹೆರಿಗೆಯ ದಿನದ ಪ್ರಶ್ನೆಗಳೇ. ಅದಾದ ಮೇಲೆ ಅತ್ತಿಗೆ ತವರಿನಲ್ಲಿ ತಿಂಗಳುಗಟ್ಟಲೆ ಬಾಣಂತನಕ್ಕೆ ಇರುತ್ತಾರಲ್ಲ, ಅದರ ಬಗ್ಗೆ ಒಂದು ಮಾತೂ ಇಲ್ಲ. ನನಗೆ ಹೇಳಬೇಕಾಗಿರುವುದು ಅದೇ. ಇಲ್ಲೇ ಹಾಕುತ್ತಿದ್ದೇನೆ, ನಿನ್ನಂಥವರು ಇನ್ನೂ ನಾಲ್ಕು ಜನ ಓದಲಿ ಅಂತ.

ಮೊದಲು ನಿನ್ನ ಪ್ರಶ್ನೆಗಳನ್ನು ಬೇಗ ಮುಗಿಸುತ್ತೇನೆ. ಹೊಕ್ಕುಳಬಳ್ಳಿಯ ರಕ್ತದ ಬ್ಯಾಂಕಿಗೆ ದುಡ್ಡು ಸುರಿಯಬೇಡ, ಖಾಸಗಿಯಾಗಿ ಹಾಗೆ ಇಡುವುದನ್ನು ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ ಕೂಡ ಶಿಫಾರಸು ಮಾಡುವುದಿಲ್ಲ. ಸಿಸೇರಿಯನ್ ಬೇಕಾದರೆ ಬೇಕು, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಯಾಕೆ ಅಂತ ಡಾಕ್ಟರನ್ನು ಬಾಯಿಬಿಟ್ಟು ಕೇಳು. ಜ್ಯೋತಿಷಿ ಹೇಳಿದ ಮುಹೂರ್ತಕ್ಕೆ ಅಂತ ಮಾತ್ರ ಮಾಡಿಸಬೇಡ. ಕಾರಣವಿಲ್ಲದೆ 39 ವಾರಕ್ಕಿಂತ ಮುಂಚೆ ಹೊರಗೆ ತೆಗೆದರೆ ಮಗುವಿಗೆ ಉಸಿರಾಟದ ತೊಂದರೆ ಆಗುವುದು ಜಾಸ್ತಿ. ನಕ್ಷತ್ರ ಚೆನ್ನಾಗಿದ್ದು ಮಗು ಐಸಿಯುನಲ್ಲಿದ್ದರೆ ಏನು ಬಂತು?

ಇನ್ನು ಬಾಣಂತನ. ನಾನು ಅದರ ವಿರೋಧಿ ಅಲ್ಲ ಕಣೋ. ಹೆತ್ತವಳನ್ನು ಅಡುಗೆಮನೆಗೆ ಬಿಡದೆ ಮಲಗಿಸುವುದು, ಎಣ್ಣೆ ಹಚ್ಚಿ ಬಿಸಿನೀರು ಹಾಕುವುದು, ರಾತ್ರಿ ಮಗು ಅತ್ತರೆ ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ ಇರುವುದು, ಇವೆಲ್ಲ ದೊಡ್ಡ ಭಾಗ್ಯ. ಸಬ್ಬಸಿಗೆ ಸೊಪ್ಪು, ಅಂಟಿನುಂಡೆ, ಎಳ್ಳು ಎಲ್ಲ ಕೊಡುವ ಮನೆಗಳೂ ಇವೆ. ಅಂಥ ಮನೆಯಾದರೆ ಸುಮ್ನೆ ತಲೆ ಹಾಕಬೇಡ, ಕೈಮುಗಿದು ಬಾ. ನನಗೆ ಹೆದರಿಕೆ ಇರುವುದು ಪಥ್ಯದ ಬಗ್ಗೆ.

ನಮ್ಮ ಚಿಕ್ಕಮ್ಮನ ಮಗಳ ಬಾಣಂತನ ನೋಡಿದ್ದೇನೆ. ತಟ್ಟೆಯಲ್ಲಿ ಬೆಳ್ಳನೆಯ ಅನ್ನ, ಮೆಣಸಿನ ಸಾರು, ತುಪ್ಪ, ಹುರಿದ ಬೆಳ್ಳುಳ್ಳಿ. ಅಷ್ಟೇ. ಬೆಳಿಗ್ಗೆಯೂ ಅದೇ, ರಾತ್ರಿಯೂ ಅದೇ. ಬೇಳೆ ಹಾಕಿದರೆ ವಾಯು. ಸೊಪ್ಪು ತಿಂದರೆ ಮಗುವಿಗೆ ಭೇದಿ. ಹಣ್ಣು ಶೀತ, ಕಡಲೆಕಾಯಿ ಪಿತ್ತ, ಕುಂಬಳಕಾಯಿ ನಂಜು. ಅಕ್ಕಿಯನ್ನು ನೀರು ತಿಳಿಯಾಗುವ ತನಕ ತೊಳೆದು, ಅನ್ನ ಬೆಂದ ಮೇಲೆ ಗಂಜಿ ಬಸಿದು ಎಸೆಯುತ್ತಿದ್ದರು. ಊಟವಾದ ಮೇಲೆ ಎಲೆಅಡಿಕೆ. ಅವಳು ತುಪ್ಪ ತಿಂದು ದುಂಡಗಾಗಿದ್ದಳು, ಮಗುವೂ ಗುಂಡಗೆ ಇತ್ತು. ಯಾರಿಗೆ ತಾನೇ ಅನುಮಾನ ಬರುತ್ತದೆ ಹೇಳು.

ಮಗುವಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಶುರುವಾಯಿತು. ಹಾಲು ಕುಡಿಯಲೊಲ್ಲದು, ಕುಡಿದದ್ದನ್ನು ಕಕ್ಕುವುದು. ಆಮೇಲೆ ಒಂದು ವಿಚಿತ್ರ. ಮಗು ಬಾಯಿ ಅಗಲ ಮಾಡಿ, ಮುಖ ಕೆಂಪಗೆ ಮಾಡಿಕೊಂಡು ಅಳುತ್ತಿದೆ, ಆದರೆ ಸದ್ದೇ ಇಲ್ಲ. ಗಂಟಲು ಕಟ್ಟಿಕೊಂಡ ಹಾಗೆ. ದೃಷ್ಟಿ ಆಗಿದೆ ಅಂತ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಹತ್ತಿರದ ಕ್ಲಿನಿಕ್ಕಿನಲ್ಲಿ ಕಫ ಅಂತ ಸಿರಪ್ ಕೊಟ್ಟು ಕಳಿಸಿದರು. ರಾತ್ರಿ ಹೊತ್ತಿಗೆ ಉಸಿರು ಒಂದೇ ಸಮನೆ ಏರಿತು, ಪ್ರತಿ ಉಸಿರಿಗೂ ನರಳುವ ಸದ್ದು. ಕಾರು ಮಾಡಿಕೊಂಡು ದೊಡ್ಡ ಆಸ್ಪತ್ರೆಗೆ ಓಡಿದರು.

ಅಲ್ಲಿ ಎದೆಯ ಸ್ಕ್ಯಾನ್, ಎಕೋ ಮಾಡಿದರು. ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಒತ್ತಡ ವಿಪರೀತ ಏರಿತ್ತು, ಹೃದಯದ ಬಲಭಾಗ ಹಿಗ್ಗಿತ್ತು. ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಮಗುವಿನ ಬಗ್ಗೆ ಕೇಳುವುದನ್ನು ಬಿಟ್ಟು ತಾಯಿ ಕಡೆ ತಿರುಗಿ, "ನೀನು ಏನು ಊಟ ಮಾಡ್ತಿದ್ದೀಯಮ್ಮ?" ಅಂದರಂತೆ. ಇವಳು ಅನ್ನ, ಸಾರು, ತುಪ್ಪ ಅಂದಳು. "ಕಾಲು ಜೋಮು ಹಿಡಿಯುತ್ತಾ?" ಹಿಡಿಯುತ್ತೆ, ಬಾಣಂತಿಗೆ ಇದ್ದದ್ದೇ ಅಂದುಕೊಂಡಿದ್ದೆ ಅಂದಳು. ಮಗುವಿಗೆ ಥಯಮಿನ್ ಕೊಟ್ಟರು, ಅಂದರೆ ಬಿ1 ವಿಟಮಿನ್. ಮಾರನೆಯ ದಿನಕ್ಕೆ ಉಸಿರು ಇಳಿದು ಮಗು ಹಾಲು ಹುಡುಕತೊಡಗಿತು.

ಇದು ನಮ್ಮನೆಯ ಒಂದು ಕತೆ ಮಾತ್ರ ಅಂದುಕೊಳ್ಳಬೇಡ. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ವೈದ್ಯರು ಇಂಥ ಮಕ್ಕಳ ಬಗ್ಗೆ ಅಧ್ಯಯನ ಮಾಡಿ ಪ್ರಕಟಿಸಿದ್ದಾರೆ. ಎದೆಹಾಲನ್ನಷ್ಟೇ ಕುಡಿಯುವ ಕೂಸುಗಳು, ತಾಯಂದಿರದು ಪಾಲಿಶ್ ಅಕ್ಕಿಯ ಪಥ್ಯದ ಊಟ, ಬಿ1 ಕೊಟ್ಟರೆ ಬೇಗ ಚೇತರಿಕೆ. ಕಾಶ್ಮೀರದ ವೈದ್ಯರೂ ಇಂಥದ್ದನ್ನೇ ಬರೆದಿದ್ದಾರೆ. ಬಿ1 ಕೊರತೆಯಿಂದ ಬರುವ ಈ ರೋಗಕ್ಕೆ ಬೆರಿಬೆರಿ ಅಂತ ಹೆಸರು. ನಾವು ಸ್ಕೂಲಿನಲ್ಲಿ ಒಂದು ಮಾರ್ಕಿಗೆ ಉರು ಹೊಡೆದದ್ದು ನೆನಪಿದೆಯಾ? ಜಾವಾದಲ್ಲಿದ್ದ ಐಕ್ಮನ್ ಅನ್ನುವ ಡಚ್ ವೈದ್ಯ 1890ರ ದಶಕದಲ್ಲೇ ಇದರ ಬೆನ್ನು ಹತ್ತಿದ್ದ. ಪಾಲಿಶ್ ಅಕ್ಕಿ ತಿಂದ ಕೋಳಿಗಳು ಕಾಲಿನ ಬಲ ಹೋಗಿ ಬಿದ್ದುಬಿಡುತ್ತಿದ್ದವು, ತೌಡು ಹಾಕಿದರೆ ಎದ್ದು ಓಡಾಡುತ್ತಿದ್ದವು. 1929ರಲ್ಲಿ ಅವನಿಗೆ ನೊಬೆಲ್ ಬಂತು. ಅದಾಗಿ ಸುಮಾರು ನೂರು ವರ್ಷ, ನಾವಿನ್ನೂ ತೌಡನ್ನು ದನಕ್ಕೆ ಹಾಕಿ ಬಿಳಿ ಅನ್ನವನ್ನು ಬಾಣಂತಿಗೆ ಇಕ್ಕುತ್ತಿದ್ದೇವೆ.

ಬಿ1 ಹೆಚ್ಚಾಗಿ ಇರುವುದು ಅಕ್ಕಿಯ ಮೇಲಿನ ಆ ತೌಡಿನ ಪದರದಲ್ಲಿ. ಪಾಲಿಶ್ ಮಾಡಿದಾಗ ಅದು ಹೋಯಿತು. ಉಳಿದ ಚೂರು ತೊಳೆದ ನೀರಿಗೆ, ಮಿಕ್ಕದ್ದು ಬಸಿದ ಗಂಜಿಗೆ. ಅಡಿಕೆ ಕೂಡ ಈ ವಿಟಮಿನ್ ಮೈಗೆ ಹತ್ತದ ಹಾಗೆ ಮಾಡುತ್ತದೆ. ಇದನ್ನು ದೇಹ ಜಾಸ್ತಿ ಕಾಲ ಕೂಡಿಟ್ಟುಕೊಳ್ಳುವುದೂ ಇಲ್ಲ, ಎರಡು ಮೂರು ವಾರ ಸಿಗದಿದ್ದರೆ ಖಾಲಿ. ತಾಯಿಯಲ್ಲಿ ಕಡಿಮೆಯಾದರೆ ಹಾಲಲ್ಲೂ ಕಡಿಮೆ. ಕುಚ್ಚಲಕ್ಕಿ ವಾಸಿ, ಭತ್ತವನ್ನು ಬೇಯಿಸುವಾಗಲೇ ವಿಟಮಿನ್ ಕಾಳಿನ ಒಳಗೆ ಇಳಿದಿರುತ್ತದೆ.

ಹಾಗಂತ ಎದೆಹಾಲು ಬಿಡಿಸುವ ಯೋಚನೆ ಮಾಡಬೇಡ. ಆರು ತಿಂಗಳು ಎದೆಹಾಲೇ, ನೀರೂ ಬೇಡ. ಸರಿಮಾಡಬೇಕಾದದ್ದು ತಾಯಿಯ ತಟ್ಟೆಯನ್ನು. ರಾಗಿ, ತೊಗರಿಬೇಳೆ, ಹೆಸರುಕಾಳು, ಕಡಲೆಕಾಯಿ, ಎಳ್ಳು, ತಿನ್ನುವವರಾದರೆ ಮೊಟ್ಟೆ, ಮಾಂಸ. ಪಥ್ಯದ ಮೆಣಸಿನ ಸಾರು ಇರಲಿ, ಅದರ ಜೊತೆಗೆ ಇವೂ ಬರಲಿ. ಬಿ ಕಾಂಪ್ಲೆಕ್ಸ್ ಮಾತ್ರೆ ಬೇಕಾ ಅಂತ ಡಿಸ್ಚಾರ್ಜಿಗೆ ಮುಂಚೆ ಡಾಕ್ಟರನ್ನು ಕೇಳು. ಗರ್ಭಿಣಿಯಿದ್ದಾಗಿನ ಕಬ್ಬಿಣದ ಮಾತ್ರೆ ಹೆರಿಗೆಯಾದ ಮೇಲೂ ಆರು ತಿಂಗಳು ಇರುತ್ತದೆ, ಉಷ್ಣ ಅಂತ ನಿಲ್ಲಿಸಿಬಿಡುತ್ತಾರೆ, ಅದನ್ನೂ ನೋಡಿಕೊ.

ನೀರಿನ ವಿಷಯಕ್ಕೆ ಮಾತ್ರ ರಾಜಿ ಆಗಬೇಡ. ನೀರು ಕುಡಿದರೆ ಹೊಟ್ಟೆ ಬರುತ್ತೆ, ಮಗುವಿಗೆ ಶೀತ ಆಗುತ್ತೆ ಅಂತ ಲೋಟ ಎಣಿಸಿ ಕೊಡುವವರಿದ್ದಾರೆ. ಹೆರಿಗೆಯಾದ ಹೊಸತರಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಜಾಸ್ತಿ, ನೀರಿಲ್ಲದೆ ಮಲಗಿಯೇ ಇದ್ದರೆ ಇನ್ನೂ ಜಾಸ್ತಿ. ಬಿಸಿನೀರೇ ಕೊಡಲಿ, ಜೀರಿಗೆ ನೀರೇ ಕೊಡಲಿ, ಬಾಯಾರಿದಷ್ಟು ಕೊಡಲಿ.

ಇದನ್ನೆಲ್ಲ ನಿನ್ನ ಅತ್ತೆಗೆ ಹೇಳುವುದು ಹೇಗೆ ಅಂತ ಕೇಳುತ್ತೀಯ, ಗೊತ್ತು. ನೀನು ಹೇಳಬೇಡ. ಅಳಿಯ ಬಂದು ಸಾರಿಗೆ ಹೆಸರಿಟ್ಟರೆ ಮೂರು ತಲೆಮಾರಿನ ಬಾಣಂತನದ ಕತೆ ಕೇಳಬೇಕಾಗುತ್ತದೆ. ಡಿಸ್ಚಾರ್ಜ್ ದಿನ ಅತ್ತೆಯವರನ್ನೇ ಡಾಕ್ಟರ ಮುಂದೆ ಕೂರಿಸಿ, ಊಟದ ಪಟ್ಟಿ ಅವರ ಬಾಯಲ್ಲೇ ಹೇಳಿಸು. ಊರಿನ ಆಶಾ ಕಾರ್ಯಕರ್ತೆ ಒಮ್ಮೆ ಮನೆಗೆ ಬಂದು ಹೇಳಿದರೆ ಇನ್ನೂ ಒಳ್ಳೆಯದು. ಈ ಪತ್ರ ಫಾರ್ವರ್ಡ್ ಮಾಡಬೇಡ ಮಾರಾಯ, ನನಗೆ ನಿಮ್ಮ ಮಾವನ ಮನೆ ಹೋಳಿಗೆ ತಪ್ಪಿಹೋಗುತ್ತದೆ.

ಅರಿಶಿನ, ಸಾಂಬ್ರಾಣಿ, ತಲೆಗೆ ಬಟ್ಟೆ ಕಟ್ಟುವುದು ಇವಕ್ಕೆಲ್ಲ ಜಗಳ ಆಡುತ್ತಾ ಕೂರಬೇಡ. ಜಗಳ ಆಡಲೇಬೇಕಾದ್ದು ಕೆಲವಿವೆ. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಡಬಾರದು, ಅದರ ವಿಷಗಾಳಿಗೆ ವಾಸನೆಯೇ ಇರುವುದಿಲ್ಲ. ವರ್ಷ ತುಂಬುವ ತನಕ ಮಗುವಿನ ನಾಲಿಗೆಗೆ ಜೇನು ಮುಟ್ಟಿಸಬಾರದು. ಮೂಗಿಗೆ ಎಣ್ಣೆ ಬಿಡಬಾರದು, ಅದು ಶ್ವಾಸಕೋಶಕ್ಕೆ ಇಳಿಯಬಹುದು. ಹೊಕ್ಕುಳಿಗೆ ಏನೂ ಹಚ್ಚಬಾರದು. ಕಣ್ಣಿಗೆ ಕಾಡಿಗೆ ಬೇಡ, ಕೆಲವು ಕಾಡಿಗೆಯಲ್ಲಿ ಸೀಸ ಇರುತ್ತದೆ. ಹೆರಿಗೆಯಾದ ಕೂಡಲೇ ಬರುವ ಮೊದಲ ಹಾಲನ್ನು ಹಿಂಡಿ ಚೆಲ್ಲಲು ಬಿಡಲೇಬೇಡ.

ಒಂದು ವೇಳೆ ಮಗು ಹಾಲು ಬಿಟ್ಟು, ಸದ್ದಿಲ್ಲದೆ ಅತ್ತು, ನರಳುತ್ತಾ ಉಸಿರೆಳೆದರೆ, ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ, 108ಕ್ಕೆ ಫೋನ್ ಮಾಡಿ ಹೊರಡಬೇಕು. ಅದು ನ್ಯುಮೋನಿಯಾವೂ ಇರಬಹುದು, ಬೇರೇನೋ ಇರಬಹುದು, ಅದನ್ನು ಡಾಕ್ಟರು ನೋಡಿಕೊಳ್ಳುತ್ತಾರೆ. ಆದರೆ ಅವರು ಕೇಳಲಿ ಬಿಡಲಿ, ತಾಯಿ ಏನು ತಿನ್ನುತ್ತಿದ್ದಾಳೆ ಅನ್ನುವುದನ್ನು ನೀವಾಗಿಯೇ ಹೇಳಿ. ಅತ್ತಿಗೆಗೂ ಅಷ್ಟೇ. ಗಂಟೆಗೊಂದು ಪ್ಯಾಡ್ ತೊಯ್ದು ಹೋಗುವಷ್ಟು ರಕ್ತ, ಜ್ವರ, ಕಣ್ಣು ಮಂಜಾಗುವಂಥ ತಲೆನೋವು, ಒಂದೇ ಕಾಲು ಊದಿಕೊಂಡು ನೋಯುವುದು, ಇವುಗಳಲ್ಲಿ ಯಾವುದು ಬಂದರೂ ಮನೆಮದ್ದು ಮಾಡುತ್ತಾ ಕೂರಬಾರದು.

ತಾಯಿ ಕಾರ್ಡಿನ ಪ್ರತಿ ಪುಟದ ಫೋಟೊ ತೆಗೆದು ನಿನ್ನ ಮೊಬೈಲಿನಲ್ಲೂ ಇಟ್ಟುಕೊ. ವಾರಕ್ಕೊಮ್ಮೆ ಮಾವನ ಮನೆಗೆ ಹೋದಾಗ ಮಗುವನ್ನು ಎತ್ತಿ ಆಡಿಸಿ ಬಂದರೆ ಸಾಲದು, ಅತ್ತಿಗೆ ಊಟಕ್ಕೆ ಕೂತಾಗ ಪಕ್ಕದಲ್ಲಿ ಕೂತು ನೀನೂ ಅದನ್ನೇ ಊಟ ಮಾಡು. ಎರಡು ಹೊತ್ತು ತಿಂದರೆ ಸಾಕು, ಬೇಳೆ ಸೊಪ್ಪು ಬೇಕು ಅಂತ ನೀನೇ ಕೇಳುತ್ತೀಯ.

ಸುದ್ದಿ ಬಂದ ಕೂಡಲೇ ಫೋನ್ ಮಾಡು. ಎಷ್ಟು ಹೊತ್ತಾದರೂ ಸರಿ.

ಇಂತಿ ನಿನ್ನ ಗೆಳೆಯ